ಉಪ್ಪುನೀರಿನಲ್ಲೂ ಕಳಚುವುದಿಲ್ಲ

ಕೊಯಿಪ್ಪಾಡಿ ಕಡಪ್ಪುರದ ರುಕ್ಮಯ ಪುತ್ರನ್ನರ ಅಂಗಾಲು
ಮೂರು ವರ್ಷದಿಂದ ಏನೂ ಹೇಳುತ್ತಿಲ್ಲ.
ಸಕ್ಕರೆ ಕಾಯಿಲೆ ಮೊದಲು ಹೆಬ್ಬೆರಳ ಬಾಯಿ ಮುಚ್ಚಿಸಿತು,
ಆಮೇಲೆ ಹಿಮ್ಮಡಿಯದು.
ಒಲೆಯ ಬುಡದಲ್ಲಿ ಚಾ ಕುಡಿಯುತ್ತ ಕೂತವರು
"ಮೀನು ಸುಡ್ತಾ ಇದ್ದೀಯಾ?" ಎಂದು ಹೆಂಡತಿಯನ್ನು ಕೇಳಿದರಂತೆ.
ಸುಡುತ್ತಿದ್ದದ್ದು ಅವರದೇ ಪಾದ.

"ದುಡ್ಡಿದ್ದವನ ಕಾಲು ನೆಲದ ಮೇಲಿಲ್ಲ ಅಂತಾರಲ್ಲ ಸಿಸ್ಟರ್,
ನೋಡಿ, ಬಿಡಿಗಾಸಿಲ್ಲದೆ ನನ್ನದೂ ಇಲ್ಲ."

ನಾನು ಪಂಚಾಯತಿನ ಪಾಲಿಯೇಟಿವ್ ಜೀಪಿನ ನರ್ಸು.
ಮಂಗಳವಾರ ಅವರ ಗಾಯ ತೊಳೆಯುವ ದಿನ.
ಆ ಮಂಗಳವಾರ ನನ್ನ ಜೊತೆ ಇಳಿದವಳು ಉಪ್ಪಳದ ಸಮೀಹಾ,
ಕಾಲೇಜಿನ ಸಂಶೋಧಕಿ,
ಟಿಫಿನ್ ಡಬ್ಬಿಯಲ್ಲಿ ಒಂದು ಚರ್ಮ.

ಈರುಳ್ಳಿಯ ಒಳಪೊರೆಯಷ್ಟು ತೆಳು.
ಬೆಳಕಿಗೆ ಹಿಡಿದರೆ ತಂತಿಯ ಸುಳಿಗಳು, ಹೆಬ್ಬೆಟ್ಟಿನ ಗೆರೆಗಳ ಹಾಗೆ.
ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಟ್ಟಲುಗಳು:
"ಅಷ್ಟಪದಿಯ ತೋಳಿಂದ ಕಲಿತದ್ದು. ಅಂಟು ಬೇಡ, ಹೀರಿಯೇ ಹಿಡೀತದೆ."
ಬಿಸಿಯೇರಿದಲ್ಲಿ ಕೆಂಪಾಗುವ ಚುಕ್ಕೆಗಳು:
"ಇದು ಬೊಂಡಾಸಿಂದ."

ರುಕ್ಮಯಣ್ಣ ಮೊದಲ ಸಲ ಕುರ್ಚಿಯಲ್ಲಿ ಮುಂದೆ ಬಾಗಿದರು.
"ಬೊಂಡಾಸು ದೋಣಿಗೆ ಬಿದ್ದು ಸತ್ತ ಮೇಲೂ
ಮೈಯ ಚುಕ್ಕಿ ಅರಳ್ತದೆ, ಮುಚ್ತದೆ, ಅರಳ್ತದೆ.
ಸತ್ತ ಸುದ್ದಿ ಚರ್ಮಕ್ಕೆ ಮುಟ್ಟುವಾಗ ತಡ ಆಗ್ತದೆ, ಗೊತ್ತುಂಟಾ?"
ಸಮೀಹಾ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಫಾರಮ್ಮು ಮಲಯಾಳದಲ್ಲಿ, ಆ್ಯಪ್ ಇಂಗ್ಲಿಷಿನಲ್ಲಿ,
ಬೇಬಿಯಕ್ಕನ ಗೊಣಗಾಟ ತುಳುವಿನಲ್ಲಿ.
ಅವರು ಕನ್ನಡದಲ್ಲಿ ರುಜು ಹಾಕಿದರು,
ಐದನೇ ಕ್ಲಾಸಿನ ದುಂಡು ಅಕ್ಷರ,
'ಕ್ಮ'ದ ಒತ್ತು ಗೆರೆ ದಾಟಿ ಕೆಳಕ್ಕೆ ಜಾರಿತ್ತು.
"ಈ ಚರ್ಮಕ್ಕೆ ಯಾವ ಭಾಷೆ ಬರ್ತದೆ ಮಗಳೇ?"
"ಅಕ್ಷರ ಬರೂದಿಲ್ಲ ಮಾಮ.
ಒತ್ತು ಮಾತ್ರ."

ಚರ್ಮ ಸುಲಿದು ಚಪ್ಪಲಿ ಹೊಲಿಸಿದರೂ ತೀರದ ಋಣ
ತಾಯಿಯದ್ದು ಮಾತ್ರ ಎಂದು ನಂಬಿದ್ದವರ ಬಲಗಾಲಿಗೆ
ಯಾರೋ ಹುಡುಗಿ, ಮೊಣಕಾಲೂರಿ,
ಹದಿನಾಲ್ಕು ದಿನದ ಕಡ ಕೊಟ್ಟಳು.

ಹತ್ತು ದಿನ ಗೆರೆ ಸಪಾಟು.
ಕುರ್ಚಿ, ಮಂಚ, ಕಕ್ಕಸು, ಕುರ್ಚಿ.
ಬೇಬಿಯಕ್ಕ ರಾತ್ರಿ ಕೈಗನ್ನಡಿ ಹಿಡಿದು ಅಂಗಾಲು ನೋಡುವರು,
ಕೆಂಪಿಲ್ಲ ಎಂದು ದೀಪ ಆರಿಸುವರು.

ಹನ್ನೊಂದನೆಯ ದಿನ, ಬೆಳಗಿನ ಮೂರೂ ಇಪ್ಪತ್ತು.
ಗೆರೆ ಎದ್ದಿತು.
ಹಿಮ್ಮಡಿ, ಬೆರಳು, ಹಿಮ್ಮಡಿ.
ಬಿಗಿ, ಸಡಿಲ, ಬಿಗಿ. ಒಂದೂಕಾಲು ಗಂಟೆ.
ಶಾಖ ಮಾತ್ರ ಇಳಿಯುತ್ತ, ಇಳಿಯುತ್ತ.

"ಸೆನ್ಸರ್ ಕೆಟ್ಟಿತಾ?" ಎಂದಳು ಸಮೀಹಾ.
ನನಗೆ ಆ ತಾಳ ಗೊತ್ತು. ನನ್ನಪ್ಪನದೂ ಅದೇ:
ಕೈರಂಪಣಿಯ ಹಗ್ಗ ಸೊಂಟಕ್ಕೆ ಬಿಗಿದು
ಹಿಂದಕ್ಕೊಂದು ಹೆಜ್ಜೆ, ಊರು. ಹಿಂದಕ್ಕೊಂದು ಹೆಜ್ಜೆ, ಊರು.
ನೀರಿಗಿಳಿಯಬೇಡಿ ಎಂದು ನಾನು ನಲವತ್ತು ಸಲ ಹೇಳಿದ್ದೆ.

ರುಕ್ಮಯಣ್ಣ ಕೋಳಿಯನ್ನು ನೋಡಿದರು.
ಬಾಗಿಲಲ್ಲಿ ಬೇಬಿಯಕ್ಕನ ಕತ್ತಿ ನಿಂತಿತು,
ಎದುರಿಗೆ ಬಂಗುಡೆ,
ಇಬ್ಬರಿಗಾಗಿ ಕೊಂಡದ್ದು ಎನ್ನಲಾರದಷ್ಟು.

ಪೊರೆ ಕೀಳುವಾಗ ಅದು ಬಿಡಲೊಲ್ಲದು.
ಪಾದದ ತುಂಬ ಸಣ್ಣ ಸಣ್ಣ ಉಂಗುರದ ಗುರುತು.
"ಮರಳು ಕಾಲಡಿಯಿಂದ ಜಾರೂದು... ಅದೂ ಗೊತ್ತಾಯ್ತಾ ಇದಕ್ಕೆ?"
"ಗೊತ್ತಾಗಿದೆ ಮಾಮ."
"ನನಗೆ ಗೊತ್ತಾಗ್ಲಿಲ್ಲ. ಎಲ್ಲಿ, ತೋರಿಸು."

ಮೊಬೈಲಿನ ಮೇಲೆ, ಬಲೆಯ ಕಣ್ಣು ತಡವುವಂತೆ,
ಅವರ ಬೆರಳು ನಿಧಾನ ಚಲಿಸಿತು.
"ಇಲ್ಲಿ ಅಲೆ ಬಂತು.
ಇಲ್ಲಿ ಆ ಕೋಟಿಯಪ್ಪ ಹಗ್ಗ ಬಿಟ್ಟ, ಪೋಲಿ.
ಇಲ್ಲಿ... ಹಾಂ, ಇಲ್ಲಿ ಮರಳು."

ಷರಾ ಕಾಲಮ್ಮಿನಲ್ಲಿ ಸಮೀಹಾ ಬರೆದಳು:
ಉಪ್ಪುನೀರಿನಲ್ಲೂ ಕಳಚುವುದಿಲ್ಲ.
ಉಳಿದದ್ದು ಬರೆಯಲಿಲ್ಲ. ನಾನೂ ಕೇಳಲಿಲ್ಲ.

ಮುಂದಿನ ಮಂಗಳವಾರ
ಪೊರೆ ಇಲ್ಲದಿದ್ದ ಎಡಗಾಲಿನ ಕಿರುಬೆರಳ ಬಳಿ
ಚಿಪ್ಪು ಕೊರೆದ ಗೀರು, ಒಂದು ವಾರದ್ದು.
ತೊಳೆದೆ. ಅಭ್ಯಾಸಬಲ, ನೋವುಂಟಾ ಎಂದು ಕೇಳಿಬಿಟ್ಟೆ.

ಸ್ವಲ್ಪ ಹೊತ್ತು ಪಾದವನ್ನೇ ನೋಡಿದರು.
"ಉಂಟು ಅಂತ ಬರೆಯಿರಿ."